ಇನ್ಸುಲಿನ್ ಲೆಕ್ಕ ಮೊಬೈಲಿಗೆ ಬಿಡಬಹುದೇ?

ಸಿರಿಗೇರಿಯ ಓದುಗರೊಬ್ಬರು ಕೇಳಿದ್ದಾರೆ: "ಊಟಕ್ಕೆ ಮುಂಚೆ ಎಷ್ಟು ಯೂನಿಟ್ ಇನ್ಸುಲಿನ್ ತಗೋಬೇಕು ಅಂತ ಆ್ಯಪ್ ಹೇಳುತ್ತೆ. ನಂಬಬಹುದಾ?"

ಆ್ಯಪ್ ಮಾಡುವುದು ಕೂಡಿಸಿ ಕಳೆಯುವ ಲೆಕ್ಕ. ಒಬ್ಬರಿಗೆ 10 ಗ್ರಾಂ ಕಾರ್ಬೋಹೈಡ್ರೇಟಿಗೆ 1 ಯೂನಿಟ್ ಬೇಕು, 1 ಯೂನಿಟ್ ಸಕ್ಕರೆಯನ್ನು 50ರಷ್ಟು ಇಳಿಸುತ್ತದೆ ಎಂದುಕೊಳ್ಳಿ. ಊಟದಲ್ಲಿ 60 ಗ್ರಾಂ ಇದ್ದರೆ 6 ಯೂನಿಟ್. ರಕ್ತದ ಸಕ್ಕರೆ 220, ಗುರಿ 120 ಆದರೆ ಇನ್ನೂ 2. ಹಿಂದಿನ ಡೋಸಿನ 2 ಯೂನಿಟ್ ಮೈಯಲ್ಲಿ ಇನ್ನೂ ಕೆಲಸ ಮಾಡುತ್ತಿದ್ದರೆ ಅದನ್ನು ಕಳೆಯಬೇಕು. ಉಳಿದದ್ದು 6. ಇವು ಉದಾಹರಣೆಯ ಅಂಕಿಗಳು. ನಿಮ್ಮವು ಬೇರೆ, ಅವನ್ನು ವೈದ್ಯರೇ ಗೊತ್ತುಮಾಡಬೇಕು.

ಇಷ್ಟು ಸರಳ ಲೆಕ್ಕದಲ್ಲೂ ಆ್ಯಪ್‌ಗಳು ಎಡವಿವೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಇಂಥ 46 ಆ್ಯಪ್‌ಗಳನ್ನು ಪರೀಕ್ಷಿಸಿ 2015ರಲ್ಲಿ ವರದಿ ಮಾಡಿದರು. ಶೇ 67ರಷ್ಟು ಆ್ಯಪ್‌ಗಳು ತಪ್ಪು ಡೋಸ್ ಹೇಳುವ ಅಪಾಯವಿತ್ತು. ನಾವು ಒತ್ತಿದ ಅಂಕಿ ಸರಿಯಿದೆಯೇ ಎಂದು ಶೇ 91ರಷ್ಟು ನೋಡುತ್ತಲೇ ಇರಲಿಲ್ಲ. 220ರ ಬದಲು ಕೈತಪ್ಪಿ 2200 ಒತ್ತಿದರೂ ತಡೆಯದ ಆ್ಯಪ್ ಎಷ್ಟು ಅಪಾಯಕಾರಿ, ಯೋಚಿಸಿ. ಆಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಕೆಲವು ಆ್ಯಪ್‌ಗಳಿಗೆ ಅನುಮತಿ ಕೊಟ್ಟಿದೆ. ಭಾರತದಲ್ಲೂ 2020ರ ಏಪ್ರಿಲ್‌ನಿಂದ ವೈದ್ಯಕೀಯ ಸಾಫ್ಟ್‌ವೇರ್ ಕಾನೂನಿನ ವ್ಯಾಪ್ತಿಗೆ ಬಂದಿದೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿ ಇನ್ಸುಲಿನ್‌ನಲ್ಲಿ ಪ್ರತಿ ಮಿ.ಲೀ.ಗೆ 40 ಯೂನಿಟ್ ಇರುತ್ತದೆ, ಪೆನ್ನಿನದರಲ್ಲಿ 100. ಸಿರಿಂಜ್ ಕೂಡ ಬೇರೆ: 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್! ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ಕೊನೆಗೆ ಪ್ರಜ್ಞೆಯೇ ತಪ್ಪಬಹುದು. ಆ್ಯಪ್ "10" ಎಂದಷ್ಟೇ ಹೇಳಿತ್ತು. ಕೈಯಲ್ಲಿ ಯಾವ ಸಿರಿಂಜ್ ಇದೆ ಎಂದು ಅದಕ್ಕೆ ಕಾಣದು.

ತಟ್ಟೆಯೂ ಅದಕ್ಕೆ ಕಾಣದು. ಸಿರಿಗೇರಿ ಇರುವ ಸಿರುಗುಪ್ಪ ತಾಲ್ಲೂಕು ಭತ್ತದ ಸೀಮೆ. 200 ಗ್ರಾಂ ಅನ್ನದಲ್ಲಿ ಸುಮಾರು 56 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಹಗುರವೆಂದು ತಿನ್ನುವ ಒಗ್ಗರಣೆ ಮಂಡಕ್ಕಿಯನ್ನು ಬಹಳ ಮಂದಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ 50 ಗ್ರಾಂ ಮಂಡಕ್ಕಿಯಲ್ಲಿ 40 ಗ್ರಾಂಗೂ ಹೆಚ್ಚು ಇರುತ್ತದೆ.

ಹಾಗಾಗಿ ಆ್ಯಪ್ ಬಳಸುವ ಮುನ್ನ ನಿಮ್ಮ ಅಂಕಿಗಳನ್ನು ವೈದ್ಯರಿಂದ ಬರೆಸಿಕೊಳ್ಳಿ, ಅವರ ಎದುರಿಗೇ ತುಂಬಿಸಿ. ಬಾಟಲಿ, ಸಿರಿಂಜ್ ಎರಡರ ಮೇಲೂ ಒಂದೇ ಸಂಖ್ಯೆ ಇದೆಯೇ ನೋಡಿ. ಆ್ಯಪ್ ಹೇಳಿದ ಡೋಸ್ ಎಂದಿನದಕ್ಕಿಂತ ಬಹಳ ಹೆಚ್ಚಾಗಿ ಕಂಡರೆ ಚುಚ್ಚಿಕೊಳ್ಳಬೇಡಿ, ಮೊದಲು ವೈದ್ಯರಿಗೆ ಫೋನ್ ಮಾಡಿ.