ಬಿದಿರು ಮತ್ತು ಎಂಜಿನಿಯರರ ಸಹಿ

ಬಿದಿರಿನ ಮನೆಯನ್ನು ಮೆಚ್ಚುವ ಎಂಜಿನಿಯರರೂ ಅದರ ನಕ್ಷೆಗೆ ಸಹಿ ಹಾಕಲು ಹಿಂಜರಿಯುತ್ತಾರೆ. ಇದಕ್ಕೆ ಅಜ್ಞಾನವೇ ಕಾರಣವೆಂಬ ವಾದವನ್ನು ನಾವು ಒಪ್ಪಲಾರೆವು. ಉಕ್ಕಿನ ಸರಳಿಗೆ ಕಾರ್ಖಾನೆಯ ಪರೀಕ್ಷಾಪತ್ರವಿರುತ್ತದೆ; ಬಿದಿರಾದರೋ ಒಂದೇ ಗಳುವಿನ ಬುಡದಿಂದ ತುದಿಗೆ ದಪ್ಪದಲ್ಲಿಯೂ ಬಲದಲ್ಲಿಯೂ ಬೇರೆಯಾಗುತ್ತದೆ. ಪಿಷ್ಟವಿರುವುದರಿಂದ ಹುಳು ಹಿಡಿಯುತ್ತದೆ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಅದನ್ನು ಸರಿಯಾಗಿ ಸಂಸ್ಕರಿಸಿದೆಯೇ ಎಂಬುದು ಹೊರನೋಟಕ್ಕೆ ತಿಳಿಯದು. ಕಟ್ಟಡ ಕುಸಿದರೆ ಹೊಣೆ ಸಹಿ ಹಾಕಿದವರದು!

ರಾಷ್ಟ್ರೀಯ ಕಟ್ಟಡ ಸಂಹಿತೆಯು 2005ರಲ್ಲಿಯೇ ಬಿದಿರಿಗೆ ಪ್ರತ್ಯೇಕ ವಿಭಾಗವನ್ನು ಮೀಸಲಿಟ್ಟಿತು. ಆದರೆ ಸಂಸ್ಕರಿಸಿ, ದರ್ಜೆ ನಮೂದಿಸಿದ ಗಳುಗಳು ಸಿಮೆಂಟಿನಂತೆ ಊರೂರಿನ ಅಂಗಡಿಯಲ್ಲಿ ದೊರೆಯದಿದ್ದರೆ ಸಂಹಿತೆಯೊಂದರಿಂದಲೇ ಧೈರ್ಯ ಹುಟ್ಟೀತೆ? 2022ರಲ್ಲಿ ಉದ್ಘಾಟನೆಗೊಂಡ ಬೆಂಗಳೂರು ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್‌ನಲ್ಲಿಯೂ ಬಿದಿರು ಕಾಣುವುದು ಒಳಛಾವಣಿಯ ಅಲಂಕಾರವಾಗಿ. ಛಾವಣಿಯ ಭಾರವನ್ನು ಹೊತ್ತಿರುವುದು ಉಕ್ಕು.