ಗಾಲ್ಫ್ ಕೋಲಿನ ಟೊಳ್ಳು ತಲೆ

ಬೆಂಗಳೂರಿನಲ್ಲಿ 1876ರಷ್ಟು ಹಿಂದೆಯೇ ಗಾಲ್ಫ್ ಕ್ಲಬ್ಬೊಂದು ಸ್ಥಾಪಿತವಾಗಿದ್ದರೂ ನಮ್ಮಲ್ಲಿ ಈ ಆಟವನ್ನು ಬೇಲಿಯ ಆಚೆಯಿಂದ ನೋಡಿದವರೇ ಹೆಚ್ಚು. ಆಡುವ ಅವಕಾಶ ದೊರೆಯದಿದ್ದರೂ ಚಿಂತೆಯಿಲ್ಲ; ಆಟದ ಕೋಲನ್ನು ಕುರಿತು ಆಲೋಚಿಸುವುದಕ್ಕೆ ಯಾರೂ ಶುಲ್ಕ ಕೇಳುವುದಿಲ್ಲ. ಬಲವಿಜ್ಞಾನದ ಪಾಠದಲ್ಲಿ ನೀರಸವಾಗಿ ತೋರುವ ಎಷ್ಟೋ ಸಂಗತಿಗಳು ಈ ಕೋಲಿನಲ್ಲಿ ಜೀವಂತವಾಗಿವೆ.

ಕೋಲಿಗೆ ಮೂರು ಅಂಗಗಳುಂಟು: ಕೈಗೆ ಸಿಗುವ ರಬ್ಬರಿನ ಹಿಡಿ, ಉಕ್ಕಿನಿಂದ ಅಥವಾ ಇಂಗಾಲದ ಎಳೆಗಳಿಂದ ಮಾಡಿದ ದಂಡ, ಚೆಂಡಿಗೆ ತಾಗುವ ತಲೆ. ತಲೆಯಲ್ಲಿ ಚೆಂಡಿಗೆ ಎದುರಾಗುವ ಪಾರ್ಶ್ವವೇ ಮುಖ. ದಂಡ ಬಂದು ಸೇರುವ ಕಡೆಗೆ ಹಿಮ್ಮಡಿ ಎಂಬ ಅರ್ಥದಲ್ಲಿ ಹೀಲ್ ಎಂದೂ, ಆಚೆಯ ಕೊನೆಗೆ ಕಾಲ್ಬೆರಳೆಂಬ ಅರ್ಥದಲ್ಲಿ ಟೋ ಎಂದೂ ಹೆಸರು. ಆಟಗಾರನು 14 ಕೋಲುಗಳನ್ನು ಒಯ್ಯಬಹುದು. ಅವುಗಳೊಳಗಿನ ಮುಖ್ಯ ಭೇದ ಮುಖದ ಓರೆಯಲ್ಲಿದೆ. ದೂರಕ್ಕೆ ಹೊಡೆಯುವ ಡ್ರೈವರ್‌ನಲ್ಲಿ ಅದು ಸುಮಾರು 10 ಡಿಗ್ರಿ. ಮರಳುಗುಂಡಿಯಿಂದ ಚೆಂಡನ್ನು ಎತ್ತುವ ವೆಜ್‌ನಲ್ಲಿ ಸುಮಾರು 56 ಡಿಗ್ರಿ.

ಈಗ ಹೊಡೆತವನ್ನು ಲೆಕ್ಕ ಹಾಕೋಣ. ಡ್ರೈವರ್‌ನ ತಲೆಯ ದ್ರವ್ಯರಾಶಿ ಸುಮಾರು 200 ಗ್ರಾಂ, ಚೆಂಡಿನದು ಸುಮಾರು 46 ಗ್ರಾಂ. ತಲೆ ಸೆಕೆಂಡಿಗೆ 45 ಮೀಟರ್ ವೇಗದಿಂದ ಬಂದು ತಾಗಿತೆನ್ನೋಣ. ಪುಟಿತದ ಗುಣಾಂಕವನ್ನು 0.83 ಎಂದು ಹಿಡಿದರೆ, ಸಂವೇಗ ಸಂರಕ್ಷಣೆಯ ನಿಯಮದಂತೆ ಚೆಂಡು ಸೆಕೆಂಡಿಗೆ ಸುಮಾರು 67 ಮೀಟರ್ ವೇಗದಿಂದ ಹೊರಡುತ್ತದೆ. ಇವೆರಡೂ ಒಂದಕ್ಕೊಂದು ತಾಗಿರುವ ಕಾಲ ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ ಮಾತ್ರ. ಆದುದರಿಂದ ಸರಾಸರಿ ಬಲ ಸುಮಾರು 6000 ನ್ಯೂಟನ್, ಅಂದರೆ 600 ಕಿಲೋಗ್ರಾಂ ತೂಕಕ್ಕೆ ಸಮ! ಇಷ್ಟು ಅಲ್ಪ ಕಾಲದಲ್ಲಿ ಕೈಯ ಹಿಡಿತವು ದಂಡದ ಮೂಲಕ ತಲೆಗೆ ನೆರವಾಗಲಾರದು. ಆ ಕ್ಷಣದಲ್ಲಿ ತಲೆಯು ಹಗ್ಗದ ತುದಿಗೆ ಕಟ್ಟಿದ ಗುಂಡಿನಂತೆ, ತನ್ನ ಪಾಡಿಗೆ ತಾನು.

ಚೆಂಡು ಮುಖದ ನಡುವೆ ತಾಗದೆ ಎರಡು ಸೆಂಟಿಮೀಟರ್ ಟೋ ಕಡೆಗೆ ತಾಗಿದರೆ? ಈ ಅಗಾಧ ಬಲವು ತಲೆಯನ್ನು ಗುರುತ್ವಕೇಂದ್ರದ ಸುತ್ತ ತಿರುಚುತ್ತದೆ. ಮುಖ ಹೊರಳುತ್ತದೆ, ಚೆಂಡಿನ ವೇಗವೂ ಕುಗ್ಗುತ್ತದೆ. ತಿರುಚನ್ನು ತಡೆಯಲು ತಲೆಯನ್ನು ಭಾರವಾಗಿಸಬಹುದಲ್ಲವೆ ಎಂದು ಕೇಳಬಹುದು. ಆದರೆ ಭಾರವಾದ ತಲೆಯನ್ನು ವೇಗವಾಗಿ ಬೀಸುವುದು ಕಷ್ಟ. ಉಳಿದ ದಾರಿ ಒಂದೇ: ಇರುವ ದ್ರವ್ಯರಾಶಿಯನ್ನು ಅಂಚಿಗೆ ಹಂಚುವುದು. ಭ್ರಮಣ ಜಡತ್ವವು ದೂರದ ವರ್ಗವನ್ನು ಅನುಸರಿಸುವುದರಿಂದ, ಕೇಂದ್ರದಿಂದ ಎರಡು ಸೆಂಟಿಮೀಟರ್ ದೂರದಲ್ಲಿದ್ದ ಒಂದು ಗ್ರಾಂ ಲೋಹವನ್ನು ನಾಲ್ಕಕ್ಕೆ ಸರಿಸಿದರೆ ಅದರ ಪಾಲು ನಾಲ್ಕು ಮಡಿಯಾಗುತ್ತದೆ. ಹಗ್ಗದ ಮೇಲೆ ನಡೆಯುವವನು ಉದ್ದನೆಯ ಗಳವನ್ನು ಅಡ್ಡ ಹಿಡಿಯುವುದಕ್ಕೂ ಇದೇ ಕಾರಣ.

ಈ ತತ್ತ್ವವನ್ನು ಗಾಲ್ಫ್‌ನಲ್ಲಿ ಜನಪ್ರಿಯಗೊಳಿಸಿದವನು ಕಾರ್ಸ್ಟನ್ ಸೋಲ್ಹೈಮ್. ನಾರ್ವೆಯಲ್ಲಿ ಹುಟ್ಟಿದ ಈತ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯಲ್ಲಿ ಇಂಜಿನಿಯರ್ ಆಗಿದ್ದನು. ಚೆಂಡನ್ನು ಕುಳಿಗೆ ಉರುಳಿಸುವ ಪಟರ್ ಎಂಬ ಕೋಲನ್ನು 1959ರಲ್ಲಿ ತಯಾರಿಸಿ, ಅದರ ಭಾರವನ್ನು ಎರಡು ಕೊನೆಗಳಿಗೆ ಹಂಚಿದನು. ತಾಗಿದಾಗ ಅದು ‘ಪಿಂಗ್’ ಎಂದು ದನಿಗೈದುದರಿಂದ ಅದೇ ಹೆಸರಾಯಿತು. ಡ್ರೈವರ್‌ನ ತಲೆ ಮಾತ್ರ ಬಹುಕಾಲ ಪರ್ಸಿಮನ್ ಮರದ ಗಟ್ಟಿ ತುಂಡಾಗಿಯೇ ಉಳಿಯಿತು. 1979ರಲ್ಲಿ ಉಕ್ಕಿನ ಟೊಳ್ಳು ತಲೆ ಮಾರುಕಟ್ಟೆಗೆ ಬಂದಿತು. 1990ರ ದಶಕದಲ್ಲಿ ಉಕ್ಕಿಗಿಂತ ಹಗುರವಾದ ಟೈಟೇನಿಯಂ ಬಂದಿತು. ತೆಳುವಾದ ಗೋಡೆ, ಒಳಗೆ ಬರಿಯ ಗಾಳಿ, ಭಾರವೆಲ್ಲ ಅಂಚಿನಲ್ಲಿ!

ಮರದ ಕಾಲದಿಂದಲೂ ಉಳಿದುಬಂದಿರುವ ಒಂದು ಜಾಣ್ಮೆಯಿದೆ. ಡ್ರೈವರ್‌ನ ಮುಖ ಸಪಾಟಾಗಿರದೆ ತುಸು ಉಬ್ಬಿರುತ್ತದೆ. ಬಲಗೈ ಆಟಗಾರನ ಹೊಡೆತ ಟೋ ಕಡೆಗೆ ಬಿದ್ದಿತೆನ್ನಿ. ತಲೆ ಬಲಕ್ಕೆ ತಿರುಗುತ್ತದೆ. ಗುರುತ್ವಕೇಂದ್ರ ಮುಖಕ್ಕಿಂತ ಹಿಂದಿರುವುದರಿಂದ ಮುಖವು ಟೋ ಕಡೆಗೆ ಜಾರುತ್ತದೆ. ಘರ್ಷಣೆಯಿಂದ ಚೆಂಡು, ಹಲ್ಲುಚಕ್ರಕ್ಕೆ ಹೊಂದಿಕೊಂಡ ಇನ್ನೊಂದು ಹಲ್ಲುಚಕ್ರದಂತೆ, ವಿರುದ್ಧ ದಿಕ್ಕಿಗೆ ಸುತ್ತುತ್ತದೆ. ಉಬ್ಬಿನ ಕಾರಣ ಚೆಂಡು ಬಲಕ್ಕೆ ಹೊರಟರೂ ಈ ಸುತ್ತು ಅದನ್ನು ಗಾಳಿಯಲ್ಲಿ ಎಡಕ್ಕೆ ಬಾಗಿಸಿ ಮೈದಾನದ ನಡುವಿಗೆ ತರುತ್ತದೆ. ತೆಳುವಾದ ಕಬ್ಬಿಣದ ಕೋಲುಗಳಲ್ಲಿ ಗುರುತ್ವಕೇಂದ್ರ ಮುಖಕ್ಕೆ ಬಹು ಸಮೀಪವಿರುವುದರಿಂದ ಈ ಪರಿಣಾಮ ಅತ್ಯಲ್ಪ. ಅವುಗಳ ಮುಖ ಸಪಾಟು.

ಕೋಲೇ ತಪ್ಪನ್ನು ತಿದ್ದುವುದಾದರೆ ಆಟಗಾರನ ಕೌಶಲಕ್ಕೆ ಬೆಲೆಯೇನು? ಈ ಆಕ್ಷೇಪಣೆಯಲ್ಲಿ ಅರ್ಥವಿದೆ. ನಿಯಮ ರೂಪಿಸುವ ಸಂಸ್ಥೆಗಳು ತಲೆಯ ಗಾತ್ರವನ್ನು 460 ಘನ ಸೆಂಟಿಮೀಟರ್‌ಗೂ, ಲಂಬಾಕ್ಷದ ಸುತ್ತಣ ಭ್ರಮಣ ಜಡತ್ವವನ್ನು 5900 ಗ್ರಾಂ–ಚದರ ಸೆಂಟಿಮೀಟರ್‌ಗೂ ಮಿತಿಗೊಳಿಸಿವೆ. ಆದರೂ ಆಕ್ಷೇಪಿಸುವವರು ಒಂದನ್ನು ಮರೆಯುತ್ತಾರೆ. ಭ್ರಮಣ ಜಡತ್ವ ತಡೆಯುವುದು ತಾಗಿದ ಮೇಲಿನ ತಿರುಚನ್ನು ಮಾತ್ರ. ತಾಗುವ ಮೊದಲೇ ಮುಖ ತಪ್ಪು ದಿಕ್ಕಿಗೆ ತಿರುಗಿದ್ದರೆ ಯಾವ ಟೈಟೇನಿಯಮ್ಮೂ ಕಾಪಾಡದು.

ಉಪಕರಣಗಳಲ್ಲಿ ಅತ್ಯಂತ ಅಗ್ಗವಾದುದು ಟೀ ಎಂಬ ಪುಟ್ಟ ಗೂಟ. ಮೊದಲು ಒದ್ದೆ ಮರಳಿನ ಗುಪ್ಪೆಯ ಮೇಲೆ ಚೆಂಡನ್ನು ಇಡುತ್ತಿದ್ದರು. ಹಾರ್ವರ್ಡಿನಲ್ಲಿ ಬೋಧಕನಾಗಿದ್ದ ದಂತವೈದ್ಯ ಜಾರ್ಜ್ ಗ್ರಾಂಟ್ ಎಂಬ ಕರಿಯ ಅಮೆರಿಕನ್ ಮಹನೀಯನು 1899ರಲ್ಲಿ ಮರದ ಟೀಗೆ ಪೇಟೆಂಟ್ ಪಡೆದನು. ಟೊಳ್ಳು ತಲೆಗಳು ಎತ್ತರವಾದಂತೆ, ಚೆಂಡನ್ನು ಮುಖದ ನಡುವಿಗೆ ತರಲು ಈ ಗೂಟವೂ ಉದ್ದವಾಗಬೇಕಾಯಿತು.