ಆಮೆಗೂ ಬೇಕು ಒಂದಿಷ್ಟು ಬಿಸಿಲು



ನಮ್ಮ ಭಾನುವಾರದ ಕನ್ನಡ ಕಾರ್ಯಕ್ರಮಕ್ಕೆ ಬರುವ ಫೋನುಗಳೆಲ್ಲ ಸಾಮಾನ್ಯವಾಗಿ ಹಾಡಿಗಾಗಿ. ಕಳೆದ ಮಳೆಗಾಲದ ಕೊನೆಯಲ್ಲಿ ಡೊಂಬಿವಲಿಯಿಂದ ಬಂದ ಒಂದು ಫೋನು ಮಾತ್ರ ಬೇರೆಯೇ ಇತ್ತು. ಉಡುಪಿ ಕಡೆಯ ಒಬ್ಬ ಅಕ್ಕ ಮಾತಾಡಿದರು. "ಹಾಡು ಆಮೇಲೆ ಹಾಕಿ ಮಾರಾಯ್ರೆ. ನಮ್ಮ ಮನೆಯ ಆಮೆಯ ಬೆನ್ನು ಮೆತ್ತಗಾಗಿದೆ. ಮಗ ಎರಡು ದಿನದಿಂದ ಸರಿಯಾಗಿ ಊಟ ಮಾಡ್ಲಿಲ್ಲ. ನಿಮ್ಮನ್ನು ಕೇಳುವವರಲ್ಲಿ ಪ್ರಾಣಿ ಡಾಕ್ಟರು ಯಾರಾದರೂ ಇದ್ದಾರಾ?"

ಕೇಳಿ ನೋಡೋಣ ಎಂದು ಪ್ರಸಾರದಲ್ಲೇ ಹೇಳಿದೆ. ಎರಡನೇ ಹಾಡು ಮುಗಿಯುವುದರೊಳಗೆ ಠಾಣೆಯಿಂದ ಪಶುವೈದ್ಯರೊಬ್ಬರು ಫೋನ್ ಮಾಡಿದರು. ಅವರು ಕೇಳಿದ್ದು ಎರಡೇ ಪ್ರಶ್ನೆ. "ಆಮೆಗೆ ಬಿಸಿಲು ಸಿಗುತ್ತದೆಯೇ?" ಅಕ್ಕ ಹೇಳಿದರು, "ಕಿಟಕಿ ಪಕ್ಕದಲ್ಲೇ ಗಾಜಿನ ತೊಟ್ಟಿಯಲ್ಲಿ ಇಟ್ಟಿದ್ದೇವೆ ಡಾಕ್ಟ್ರೇ, ಬೆಳಿಗ್ಗೆ ಬೇಕಾದಷ್ಟು ಬಿಸಿಲು ಬೀಳುತ್ತದೆ." "ಕಿಟಕಿ ತೆರೆದಿರುತ್ತದೋ, ಮುಚ್ಚಿರುತ್ತದೋ?" "ಮುಚ್ಚಿಯೇ ಇರುತ್ತದೆ, ಪಾರಿವಾಳದ ಕಾಟ."

ಆ ಮುಚ್ಚಿದ ಗಾಜಿನಲ್ಲೇ ರೋಗದ ಮೂಲ ಇತ್ತು. ಅಂದು ಡಾಕ್ಟರು ಹೇಳಿದ್ದನ್ನೂ ಆಮೇಲೆ ನಾನು ಓದಿ, ಕೇಳಿ ತಿಳಿದುಕೊಂಡಿದ್ದನ್ನೂ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಫ್ಲಾಟಿನಲ್ಲಿ ಆಮೆ ಸಾಕಿರುವವರು ನಮ್ಮಲ್ಲಿ ಇನ್ನೂ ಕೆಲವರು ಇರಬಹುದಲ್ಲವೇ?

ಮೊದಲು, ಅದು ಯಾವ ಆಮೆ?

ದೀಪ, ಪೆಟ್ಟಿಗೆ ಎಲ್ಲ ಆಮೇಲಿನ ಮಾತು. ಬೆನ್ನಿನ ಮೇಲೆ ಹಳದಿ ನಕ್ಷತ್ರದಂಥ ಗೆರೆಗಳಿದ್ದರೆ ಅದು ನಕ್ಷತ್ರ ಆಮೆ. ನಮ್ಮ ಕರ್ನಾಟಕದ ಬಯಲುಸೀಮೆಯಲ್ಲೂ ಇರುವ ಜೀವಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಿಂದ ಅದೀಗ ಮೊದಲನೇ ಅನುಸೂಚಿಯಲ್ಲಿದೆ. ಅದೃಷ್ಟ ಬರುತ್ತದೆ ಎಂದು ಯಾರೇ ಕೊಟ್ಟರೂ ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಅರಣ್ಯ ಇಲಾಖೆಗೆ ಒಪ್ಪಿಸುವುದೊಂದೇ ದಾರಿ.

ಡೊಂಬಿವಲಿಯದು ಸುಲ್ಕಾಟಾ ಎಂಬ ಆಫ್ರಿಕಾದ ಆಮೆ. ಗಲ್ಫಿಗೆ ಹೊರಟ ಸ್ನೇಹಿತರ ಕುಟುಂಬ ಬಿಟ್ಟುಹೋಗಿದ್ದು. ಸಹಾರಾದ ದಕ್ಷಿಣದಂಚಿನ ಒಣನಾಡು ಇದರ ತವರು. ಇಂಥ ವಿದೇಶಿ ಆಮೆಗಳನ್ನೂ ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ. 2024ರ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರದ ಪರಿವೇಷ್ ಜಾಲತಾಣದಲ್ಲಿ ನೋಂದಾಯಿಸಬೇಕು. ಅಂಗೈಯಗಲದ ಮರಿ ಎಂದು ತಂದದ್ದು ಬೆಳೆದು 40–50 ಕಿಲೋ ಆಗುತ್ತದೆ, ನಮಗಿಂತ ಹೆಚ್ಚು ಕಾಲ ಬದುಕಲೂಬಹುದು. ಇದನ್ನೆಲ್ಲ ಯೋಚಿಸದೆ ಹೊಸದಾಗಿ ತರಬೇಡಿ. ಈಗಾಗಲೇ ಮನೆಯಲ್ಲಿರುವುದನ್ನು ಚೆನ್ನಾಗಿ ನೋಡಿಕೊಳ್ಳುವುದು ಹೇಗೆ ಎನ್ನುವುದಷ್ಟೇ ಈ ಬರಹ.

ಗಾಜು ತಡೆಯುವ ಬಿಸಿಲು

ಬಿಸಿಲಿನಲ್ಲಿ ನಮ್ಮ ಕಣ್ಣಿಗೆ ಕಾಣುವ ಬೆಳಕಿದೆ, ಮೈಗೆ ತಾಗುವ ಶಾಖವಿದೆ, ಇವೆರಡೂ ಅಲ್ಲದ ನೇರಳಾತೀತ ಕಿರಣವೂ ಇದೆ. ಅದರಲ್ಲಿ ಯುವಿ-ಬಿ ಎಂಬ ಭಾಗ ಚರ್ಮದ ಮೇಲೆ ಬಿದ್ದಾಗಲೇ ಆಮೆಯ ಮೈಯಲ್ಲಿ ಡಿ-3 ವಿಟಮಿನ್ ತಯಾರಾಗುವುದು. ಅದಿಲ್ಲದಿದ್ದರೆ ತಿಂದ ಸೊಪ್ಪಿನಲ್ಲಿ ಎಷ್ಟೇ ಕ್ಯಾಲ್ಸಿಯಂ ಇರಲಿ, ಮೈಗೆ ಹತ್ತುವುದಿಲ್ಲ. ಆಗ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಡ ತೆಗೆಯಲು ಶುರುಮಾಡುತ್ತದೆ. ಚಿಪ್ಪೂ ಮೂಳೆಯೇ, ಆಮೆಯ ಬೆನ್ನೆಲುಬು, ಪಕ್ಕೆಲುಬುಗಳು ಅದರೊಳಗೆ ಬೆಸೆದುಕೊಂಡಿರುತ್ತವೆ. ಚಿಪ್ಪು ಮೆತ್ತಗಾಯಿತು ಎಂದರೆ ಇಡೀ ಅಸ್ಥಿಪಂಜರವೇ ಸೊರಗಿತು ಎಂದರ್ಥ.

ಕಿಟಕಿಯ ಗಾಜು ಬೆಳಕನ್ನು ಒಳಗೆ ಬಿಡುತ್ತದೆ, ಯುವಿ-ಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಅಕ್ಕನ ಮನೆಯ ಆಮೆ ಎರಡು ವರ್ಷ ಕಣ್ಣಿಗೆ ಕಾಣುವ ಬಿಸಿಲಲ್ಲಿ ಕೂತಿತ್ತು, ಮೈಗೆ ಹತ್ತುವ ಬಿಸಿಲು ಅದಕ್ಕೆ ಸಿಕ್ಕಿರಲೇ ಇಲ್ಲ. ಇದನ್ನು ಕೇಳಿ ನನಗೆ ನನ್ನದೇ ನೆನಪಾಯಿತು. ನಮ್ಮ ಸ್ಟುಡಿಯೋಗೆ ಕಿಟಕಿಯೇ ಇಲ್ಲ. ಹೋದ ವರ್ಷ ಡಾಕ್ಟರು ನನಗೂ ಡಿ ವಿಟಮಿನ್ ಮಾತ್ರೆ ಬರೆದುಕೊಟ್ಟಿದ್ದರು. ನಾನಾದರೆ ಸಂಜೆಯ ಲೋಕಲ್ ಹಿಡಿದು ಹೊರಗೆ ಬರುತ್ತೇನೆ. ಆಮೆ ಎಲ್ಲಿಗೆ ಹೋಗಬೇಕು?

ಎರಡು ದೀಪ, ಎರಡು ಕೆಲಸ

ಆದ್ದರಿಂದ ಮನೆಯೊಳಗೆ ಬಿಸಿಲನ್ನು ನಾವೇ ಮಾಡಿಕೊಡಬೇಕು. ಒಂದು ದೀಪ ಶಾಖಕ್ಕೆ, ಇನ್ನೊಂದು ಯುವಿ-ಬಿಗೆ. ಮನೆಯ ಎಲ್‌ಇಡಿ ಬಲ್ಬು, ಟ್ಯೂಬ್‌ಲೈಟುಗಳಿಂದ ಇವೆರಡರಲ್ಲಿ ಯಾವುದೂ ಆಗುವುದಿಲ್ಲ.

ಶಾಖಕ್ಕೆ ಹ್ಯಾಲೋಜನ್ ಸ್ಪಾಟ್ ಬಲ್ಬ್ ಸಾಕು. ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ, ಪಿಂಗಾಣಿ ಹೋಲ್ಡರನ್ನೇ ಹಾಕಿಸಿ. ಬಲ್ಬ್ ಕಳಚಿ ಬಿದ್ದು ಬೆಂಕಿ ಹತ್ತದಂತೆ ಸರಪಳಿಯಿಂದ ಭದ್ರವಾಗಿ ತೂಗುಹಾಕಿ. ಪೆಟ್ಟಿಗೆಯ ಒಂದು ತುದಿಯಲ್ಲಿ ಮಾತ್ರ ಇದು ಇರಬೇಕು. ಬಲ್ಬಿನ ನೇರ ಕೆಳಗೆ, ಆಮೆಯ ಬೆನ್ನಿನ ಮಟ್ಟದಲ್ಲಿ 35ರಿಂದ 38 ಡಿಗ್ರಿ, ಇನ್ನೊಂದು ತುದಿಯಲ್ಲಿ 25–27 ಡಿಗ್ರಿ. ಆಮೆ ತಣ್ಣನೆಯ ರಕ್ತದ ಜೀವಿ. ಬೇಕೆನಿಸಿದಾಗ ಬಿಸಿಗೆ, ಸಾಕೆನಿಸಿದಾಗ ತಂಪಿಗೆ ನಡೆದುಹೋಗಿ ತನ್ನ ಮೈಯ ಬಿಸಿಯನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಆ ಆಯ್ಕೆ ಅದಕ್ಕಿರಬೇಕು. ಕೈಯಿಟ್ಟು ಅಂದಾಜು ಮಾಡಬೇಡಿ, ಎರಡು ತುದಿಗೂ ಒಂದೊಂದು ಥರ್ಮಾಮೀಟರ್ ಇಡಿ.

ಯುವಿ-ಬಿಗೆ ಸರೀಸೃಪಗಳಿಗೆಂದೇ ಮಾಡಿದ ಟ್ಯೂಬ್ ಬೇಕು. ಇಂಥ ಒಣನಾಡಿನ ಆಮೆಗೆ 10 ಅಥವಾ 12 ಪರ್ಸೆಂಟ್ ಎಂದು ಬರೆದಿರುವುದನ್ನು ಕೊಳ್ಳಿ. ಶಾಖದ ಬಲ್ಬಿನ ಕಡೆಗೇ ಇದೂ ಇರಲಿ, ಆಗ ಬಿಸಿಯೂ ಕಿರಣವೂ ಒಟ್ಟಿಗೆ ಸಿಗುತ್ತವೆ. ಬೆನ್ನಿಗೂ ಟ್ಯೂಬಿಗೂ ಸುಮಾರು ಒಂದರಿಂದ ಒಂದೂವರೆ ಅಡಿ ಅಂತರ. ಟ್ಯೂಬಿನ ಜೊತೆ ಬರುವ ಚೀಟಿಯಲ್ಲಿ ಸರಿಯಾದ ಅಳತೆ ಇರುತ್ತದೆ. ನಡುವೆ ಗಾಜು, ಪ್ಲಾಸ್ಟಿಕ್ ಬರಕೂಡದು. ಇನ್ನೊಂದು ಗುಟ್ಟು ಕೇಳಿ: ಈ ಟ್ಯೂಬು ಹಳತಾದ ಮೇಲೂ ಉರಿಯುತ್ತಲೇ ಇರುತ್ತದೆ, ಆದರೆ ಅದರೊಳಗಿನ ಯುವಿ-ಬಿ ಮುಗಿದಿರುತ್ತದೆ. ದಪ್ಪನೆಯ ಟಿ-8 ಟ್ಯೂಬನ್ನು 6 ತಿಂಗಳಿಗೆ, ತೆಳುವಾದ ಟಿ-5 ಟ್ಯೂಬನ್ನು ವರ್ಷಕ್ಕೊಮ್ಮೆ ಬದಲಿಸಬೇಕು. ಹಾಕಿದ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ.

ಒಂದು ಎಚ್ಚರಿಕೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಗೋ ಚೆನ್ನೈನ ರಿಚಿ ಸ್ಟ್ರೀಟಿಗೋ ಹೋಗಿ ಬರೀ "ಯುವಿ ಲೈಟ್ ಕೊಡಿ" ಎಂದರೆ ನೀರು ಶುದ್ಧಮಾಡುವ ಯಂತ್ರದ ದೀಪವನ್ನೋ ನೋಟು ಪರೀಕ್ಷಿಸುವ ದೀಪವನ್ನೋ ಕೈಗಿಟ್ಟಾರು. ಮೊದಲನೆಯದು ಯುವಿ-ಸಿ, ರೋಗಾಣು ಕೊಲ್ಲುವ ದೀಪ. ಆಮೆಯ ಕಣ್ಣನ್ನೂ ನಿಮ್ಮ ಕಣ್ಣನ್ನೂ ಸುಟ್ಟುಬಿಡುತ್ತದೆ. ಎರಡನೆಯದರಿಂದ ಉಪಯೋಗವೇ ಇಲ್ಲ.

ಎರಡು ದೀಪಗಳಿಗೂ ಒಂದು ಟೈಮರ್ ಹಾಕಿ, ದಿನಕ್ಕೆ 12 ಗಂಟೆ ಉರಿಯಲಿ. ರಾತ್ರಿ ಪೂರ್ತಿ ಕತ್ತಲೆ. ಟಿವಿ ನೋಡುವ ಹಾಲ್‌ನಲ್ಲಿ ಪೆಟ್ಟಿಗೆಯಿದ್ದರೆ ಪಕ್ಕಕ್ಕೊಂದು ಪರದೆ ಎಳೆಯಿರಿ, ಅದಕ್ಕೂ ನಿದ್ದೆ ಬೇಕು.

ಗಾಜಿನ ತೊಟ್ಟಿ ಬೇಡ, ಮರದ ಪೆಟ್ಟಿಗೆ ಸಾಕು

ಮೀನಿನ ತೊಟ್ಟಿ ಆಮೆಗೆ ಮನೆಯಲ್ಲ. ಗಾಜು ಎಂದರೇನೆಂದು ಅದಕ್ಕೆ ತಿಳಿಯುವುದಿಲ್ಲ. ಆಚೆ ದಾರಿಯಿದೆ ಎಂದುಕೊಂಡು ಇಡೀ ದಿನ ಮೂತಿ ತಾಗಿಸಿ ನಡೆಯುತ್ತಲೇ ಇರುತ್ತದೆ. ಬಡಗಿಗೆ ಹೇಳಿ ಪ್ಲೈವುಡ್ಡಿನಲ್ಲಿ ಮೇಲ್ಭಾಗ ತೆರೆದ ಪೆಟ್ಟಿಗೆ ಮಾಡಿಸಿ, ಇಲ್ಲವೇ ಹಳೆಯ ಪುಸ್ತಕದ ಕಪಾಟನ್ನು ಅಡ್ಡ ಮಲಗಿಸಿ ನಡುವಿನ ಹಲಗೆ ತೆಗೆಯಿರಿ. ಮರಿಗೆ ಕನಿಷ್ಠ 4 ಅಡಿ ಉದ್ದ, 2 ಅಡಿ ಅಗಲ ಬೇಕು, ಗೋಡೆ ಒಂದಡಿಗಿಂತ ಎತ್ತರ. ಬೆಳೆದಂತೆ ಜಾಗವೂ ಬೆಳೆಯಬೇಕು.

ನುಣುಪಾದ ಟೈಲ್ಸಿನ ಮೇಲೆ ಕಾಲು ಜಾರುತ್ತದೆ. ನರ್ಸರಿಯಲ್ಲಿ ಸಿಗುವ ತೆಂಗಿನ ನಾರಿನ ಪುಡಿಗೆ ಗೊಬ್ಬರ, ಔಷಧಿ ಸೇರದ ಮಣ್ಣು ಬೆರೆಸಿ ನಾಲ್ಕೈದು ಇಂಚು ಹಾಸಿ. ತಂಪಿನ ಕಡೆ ಒಂದು ದೊಡ್ಡ ಮಣ್ಣಿನ ಕುಂಡವನ್ನು ಅಡ್ಡ ಮಲಗಿಸಿ ಅರ್ಧ ಹೂತಿಟ್ಟರೆ ಅಡಗುವ ಗೂಡು ಸಿದ್ಧ. ಅದರೊಳಗಿನ ಮಣ್ಣು ಸ್ವಲ್ಪ ತೇವವಾಗಿರಲಿ. ಮರುಭೂಮಿಯಂಚಿನ ಪ್ರಾಣಿಯಲ್ಲವೇ, ಒಣಗಿಸಿಯೇ ಸಾಕೋಣ ಎಂದುಕೊಳ್ಳಬೇಡಿ. ತವರಿನಲ್ಲಿ ಅದು ಬಿಲ ತೋಡಿ, ಆಳದ ತೇವದಲ್ಲಿ ಹಗಲು ಕಳೆಯುತ್ತದೆ. ತೀರಾ ಒಣ ಜಾಗದಲ್ಲಿ ಬೆಳೆದ ಮರಿಯ ಚಿಪ್ಪು ಗೋಪುರ ಗೋಪುರವಾಗಿ ಉಬ್ಬುತ್ತದೆ. ಕುಂಡದ ಕೆಳಗಿಡುವ ತಟ್ಟೆಯಲ್ಲಿ ನೀರಿಡಿ. ವಾರಕ್ಕೆ ಮೂರು ನಾಲ್ಕು ಸಲ ಗಲ್ಲ ಮುಳುಗದಷ್ಟು ಉಗುರುಬೆಚ್ಚಗಿನ ನೀರಿನಲ್ಲಿ 15–20 ನಿಮಿಷ ಕೂರಿಸಿ.

ಊಟಕ್ಕೆ ಮುಖ್ಯವಾಗಿ ಹುಲ್ಲು. ಗಣಪತಿಗೆ ತರುವ ಗರಿಕೆ, ದಾಸವಾಳದ ಎಲೆ ಮತ್ತು ಹೂವು ಚೆನ್ನಾಗಿ ತೊಳೆದು ಹಾಕಿ. ಅನ್ನ, ಚಪಾತಿ, ಹಾಲು ಬೇಡ. ಮುಟ್ಟಿದ ಮೇಲೆ ಮಕ್ಕಳು ಸೋಪು ಹಚ್ಚಿ ಕೈ ತೊಳೆಯಲಿ.

ನಿಮ್ಮ ಊರು, ನಿಮ್ಮ ಹವೆ

ದೆಹಲಿಯ ಜನವರಿಯಲ್ಲಿ ರಾತ್ರಿಗೂ ಶಾಖ ಬೇಕಾಗುತ್ತದೆ. ಬೆಳಕಿಲ್ಲದೆ ಬಿಸಿ ಕೊಡುವ ಸಿರಾಮಿಕ್ ಹೀಟರನ್ನು ಥರ್ಮೋಸ್ಟಾಟಿನ ಜೊತೆ ಹಾಕಿ. ಚೆನ್ನೈ, ಹೈದರಾಬಾದಿನ ಮೇ ತಿಂಗಳಲ್ಲಿ ಶಾಖದ ಬಲ್ಬನ್ನು ಕೆಲವೊಮ್ಮೆ ಆರಿಸಬೇಕಾದೀತು, ಯುವಿ-ಬಿ ಟ್ಯೂಬು ಮಾತ್ರ ಉರಿಯುತ್ತಿರಲಿ. ಮುಂಬಯಿ, ಪುಣೆಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡವೇ ಮೋಡ. ದೀಪದ ಬೆಲೆ ತಿಳಿಯುವುದು ಆಗಲೇ. ಬಾಲ್ಕನಿಯಲ್ಲಿ ನೇರ ಬಿಸಿಲು ಬಂದರೆ ಅದಕ್ಕಿಂತ ಒಳ್ಳೆಯದಿಲ್ಲ. ಬೆಳಿಗ್ಗೆ ಅರ್ಧ ಗಂಟೆ ಬಿಡಿ, ಆದರೆ ನೆರಳೂ ಇರಬೇಕು, ಕಾಗೆ ಹದ್ದುಗಳ ಮೇಲೆ ಕಣ್ಣೂ ಇರಬೇಕು. ಗಾಜಿನ ತೊಟ್ಟಿಯನ್ನೇ ಎತ್ತಿ ಬಿಸಿಲಿಗಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಒಳಗಿನ ಜೀವ ಬೆಂದುಹೋಗುತ್ತದೆ.

ಚಿಪ್ಪು ಈಗಾಗಲೇ ಮೆತ್ತಗಾಗಿದ್ದರೆ ದೀಪವೊಂದರಿಂದಲೇ ವಾಸಿಯಾಗದು. ಸರೀಸೃಪಗಳನ್ನು ಬಲ್ಲ ವೈದ್ಯರಿಗೆ ತೋರಿಸಿ. ನಮ್ಮ ಮಾತ್ರೆ, ಡ್ರಾಪ್ಸ್‌ಗಳನ್ನು ಅದಕ್ಕೆ ಕೊಡಬೇಡಿ, ಡಿ-3 ಹೆಚ್ಚಾದರೂ ಅಪಾಯವೇ.

ಡೊಂಬಿವಲಿಯ ಅಕ್ಕ ಮೊನ್ನೆ ಮತ್ತೆ ಫೋನ್ ಮಾಡಿದ್ದರು. ನೋಂದಣಿಗೆ ಅರ್ಜಿ ಹಾಕಿದ್ದಾರೆ. ಐದು ತಿಂಗಳ ಚಿಕಿತ್ಸೆ ಮತ್ತು ದೀಪದಿಂದ ಚಿಪ್ಪು ಗಟ್ಟಿಯಾಗುತ್ತಿದೆಯಂತೆ. ಬೆನ್ನಿನ ಒಂದು ಬದಿ ಕುಸಿದದ್ದು ಮಾತ್ರ ಹಾಗೇ ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಕೊನೆಗೆ ಮಗ ಫೋನು ಇಸಿದುಕೊಂಡ. "ಅಂಕಲ್, ಬೆಳಿಗ್ಗೆ ಏಳು ಗಂಟೆಗೆ ಟೈಮರ್ ಆನ್ ಆಗುತ್ತೆ. ಆಮೆ ಅದಕ್ಕೆ ಮುಂಚೆನೇ ಬಂದು ಬಲ್ಬಿನ ಕೆಳಗೆ ಕೂತಿರುತ್ತೆ."

ಅವನು ಕೇಳಿದ ಹಾಡನ್ನು ಆ ಭಾನುವಾರ ಮೊದಲಿಗೇ ಹಾಕಿದೆ.